ಹಿಂದುಮುಂದು

೪ ಮಾರ್ಚ್ ೧೯೯೬

ಮಾನ್ಯರೇ,

ವಿಮಾನ ಕ್ಷೇಮವಾಗಿ ಬಂದು ಸೇರಿತು. ವ್ಯವಹಾರವೆಲ್ಲ ಮಧ್ಯವರ್ತಿಯ ಮೂಲಕವೇ ಮುಗಿದು, ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಒಂದು ಕಾಗದವನ್ನಾದರೂ ಬರೆಯೋಣ ಎನ್ನಿಸಿತು. ಅದನ್ನು ಹಾರಿಸಿಕೊಂಡು ಬಂದ ಪೈಲಟ್ ಇಳಿದವನೇ ಬೀಗದಕೈಯನ್ನು ನನ್ನ ಕೈಗಿಟ್ಟು, "ಯಾಕೆ ಮೇಡಂ ಇದನ್ನ ತಗೊಂಡ್ರಿ?" ಎಂದು ಕೇಳಿದ. ಉತ್ತರಕ್ಕೂ ಕಾಯದೆ ಬಸ್ಸು ಹಿಡಿದ.

ಅವನಿಗೆ ಹೇಳಬೇಕೆಂದಿದ್ದುದನ್ನು ನಿಮಗೆ ಹೇಳುತ್ತೇನೆ. ನಾನು ಹಲ್ಲಿನ ಡಾಕ್ಟರು. ಇಡೀ ದಿನ ಒಂದು ಸಣ್ಣ ಕೋಣೆಯಲ್ಲಿ, ಒಂದು ದೀಪದ ಕೆಳಗೆ ಬಗ್ಗಿ, ಇನ್ನೂ ಸಣ್ಣದೊಂದು ಕತ್ತಲೆಯೊಳಗೆ ನೋಡುವುದು ನನ್ನ ಕೆಲಸ. ವಾರಕ್ಕೊಮ್ಮೆ ಕ್ಲಬ್ಬಿನ ಒಂಟಿ ಎಂಜಿನ್ ವಿಮಾನದಲ್ಲಿ ಹಾರುತ್ತಿದ್ದೆ. ಹೋದ ವರ್ಷ ನಿಮ್ಮ ಹಳೆಯ ಊರಿನ ಮೈದಾನದಲ್ಲಿ ಇಂಧನ ತುಂಬಿಸಲು ಇಳಿದಾಗ, ಶೆಡ್ಡಿನ ಹಿಂದೆ ನಿಮ್ಮದು ನಿಂತಿತ್ತು. ಮೂಗಿನಲ್ಲೊಂದು ಎಂಜಿನ್, ಬೆನ್ನಿಗೊಂದು ಎಂಜಿನ್, ರೆಕ್ಕೆಗಳಿಂದ ಹಿಂದಕ್ಕೆ ಚಾಚಿದ ಎರಡು ಕೋಲು, ಆ ಕೋಲುಗಳ ತುದಿಗೆ ಬಾಲ. ಯಾರೋ ಎರಡು ವಿಮಾನ ಬಿಚ್ಚಿ, ಜೋಡಿಸುವಾಗ ಗೊಂದಲವಾಗಿ, ಸರಿ ಇರಲಿ ಎಂದು ಬಿಟ್ಟಂತಿತ್ತು. ನನಗೆ ನಗು ಬಂತು. ನಗು ನಿಂತ ಮೇಲೂ ಅಲ್ಲೇ ನಿಂತಿದ್ದೆ.

ಇಲ್ಲಿಯ ಮೈದಾನದವರು ಈಗಾಗಲೇ ಅದಕ್ಕೆ 'ಹಿಂದುಮುಂದು' ಎಂದು ಹೆಸರಿಟ್ಟಿದ್ದಾರೆ. ಹಿಂದುಮುಂದು ನೋಡದೆ ಕೊಂಡವಳು ನಾನೇ ಆದ್ದರಿಂದ ಬೇಡವೆನ್ನಲು ಬಾಯಿಲ್ಲ. ನಮ್ಮವರು ಲಿಫ್ಟ್ ತಪಾಸಣೆ ಮಾಡುವ ಎಂಜಿನಿಯರು. ದಿನವಿಡೀ ಮೇಲೆ ಕೆಳಗೆ ಓಡಾಡುವ ಮನುಷ್ಯ, ಆದರೆ ಮೇಲಿನಿಂದ ಹಗ್ಗ ಕಟ್ಟದ ಯಾವುದನ್ನೂ ನಂಬುವುದಿಲ್ಲ. ದೂರದಿಂದ ಒಂದು ಸುತ್ತು ಹಾಕಿ ನೋಡಿ, "ಚೆನ್ನಾಗಿದೆ, ನಿಂತಿದ್ದರೆ" ಎಂದರು.

ಒಂದು ಪ್ರಶ್ನೆ. ನೆಲದ ಮೇಲೆ ಓಡಿಸುವಾಗ ಹಿಂದಿನ ಎಂಜಿನ್ ಬೇಗ ಬಿಸಿಯಾಗುತ್ತದೆ. ನಿಮಗೂ ಹಾಗೇ ಆಗುತ್ತಿತ್ತೇ?

ಇತಿ,
ಹೊಸ ಮಾಲೀಕಳು

*

೨೨ ಮಾರ್ಚ್ ೧೯೯೬

ಡಾಕ್ಟರಿಗೆ,

ನಿಮ್ಮ ಕಾಗದ ಸಂತೋಷ ಕೊಟ್ಟಿತು. ಹೌದು, ಬಿಸಿಯಾಗುತ್ತದೆ. ಮುಂದಿನದಕ್ಕೆ ಎದುರುಗಾಳಿ ಸಿಗುತ್ತದೆ, ಹಿಂದಿನದಕ್ಕೆ ಮುಂದಿನವನು ಉಸಿರಾಡಿ ಬಿಟ್ಟ ಗಾಳಿಯೇ ಗತಿ. ನೆಲದ ಮೇಲೆ ಹೆಚ್ಚು ಹೊತ್ತು ಕಾಯಿಸಬೇಡಿ.

ಅದು ಹಾಗೆ ಹುಟ್ಟಿದ್ದು ಗೊಂದಲದಿಂದಲ್ಲ. ಸಾಮಾನ್ಯ ಜೋಡಿ ಎಂಜಿನ್ ವಿಮಾನದಲ್ಲಿ ಎರಡು ರೆಕ್ಕೆಗೆ ಎರಡು ಎಂಜಿನ್. ಒಂದು ಸತ್ತರೆ, ಬದುಕಿರುವುದು ವಿಮಾನವನ್ನು ಪಕ್ಕಕ್ಕೆ ತಿರುಗಿಸಿಬಿಡುತ್ತದೆ. ಕಾಲಿನಲ್ಲಿ ಪೆಡಲು ಒತ್ತಿ ಹಿಡಿಯದಿದ್ದರೆ ಮಗುಚುತ್ತದೆ. ನನಗೆ ಗೊತ್ತಿದ್ದ ಇಬ್ಬರು ಹಾಗೆ ಹೋದರು. ಇದರಲ್ಲಿ ಎರಡೂ ಒಂದೇ ಗೆರೆಯ ಮೇಲಿವೆ. ಒಂದು ಎಳೆಯುತ್ತದೆ, ಒಂದು ತಳ್ಳುತ್ತದೆ. ಯಾವುದು ನಿಂತರೂ ಮೂಗು ನೇರವೇ ಇರುತ್ತದೆ.

ಅದೇ ಅದರ ದೋಷ ಕೂಡ. ಹಿಂದಿನದು ನಿಂತರೆ ನಿಮಗೆ ಯಾರೂ ಹೇಳುವುದಿಲ್ಲ. ಅದರ ಪ್ರೊಪೆಲರ್ ನಿಮಗೆ ಕಾಣುವುದಿಲ್ಲ. ಆದ್ದರಿಂದ ಹೊರಡುವಾಗ ಹಿಂದಿನ ಎಂಜಿನ್ನಿಗೆ ವೇಗ ಕೊಡುವ ಹಿಡಿಕೆಯನ್ನು ಮೊದಲು ಒತ್ತಿ, ಮೀಟರಿನಲ್ಲಿ ಅದರ ಮುಳ್ಳು ಏರಿದ್ದನ್ನು ನೋಡಿ, ಆಮೇಲೆ ಮುಂದಿನದು. ಎರಡನೆಯದು, ನೆಲ ಬಿಟ್ಟ ಮೇಲೆ ಸ್ವಲ್ಪ ಅನುಮಾನ ಬಂದರೂ ಚಕ್ರ ಮಡಚಬೇಡಿ. ಮಡಚುವಾಗ ಹೊಟ್ಟೆಯ ಬಾಗಿಲುಗಳು ತೆರೆದುಕೊಂಡು ಬ್ರೇಕು ಹಾಕಿದ ಹಾಗಾಗುತ್ತದೆ. ಮೂರನೆಯದು, ಮಳೆಗಾಲಕ್ಕೆ ಮುಂಚೆ ಎಡಬಾಗಿಲಿನ ರಬ್ಬರು ಬದಲಿಸಿ.

ನಾನು ನಕ್ಷೆ ಮಾಡುತ್ತಿದ್ದವನು. ಹೊಟ್ಟೆಯಲ್ಲಿ ಕ್ಯಾಮೆರಾ ಕಟ್ಟಿಕೊಂಡು ನೇರ ಗೆರೆಗಳಲ್ಲಿ ಹಾರುವುದೇ ನನ್ನ ಕಸುಬಾಗಿತ್ತು. ನೇರ ಹೋಗುವುದರಲ್ಲಿ ಅದಕ್ಕೆ ಸಮನಿಲ್ಲ. ಹೋದ ವರ್ಷ ನನ್ನ ಹೆಂಡತಿ ತೀರಿಕೊಂಡಳು. ಈಗ ಸಮುದ್ರದ ಪಕ್ಕ ಮಗಳ ಮನೆಯಲ್ಲಿದ್ದೇನೆ. ಆರನೆಯ ಮಹಡಿ. ಇಲ್ಲಿಂದ ರನ್‌ವೇ ದೂರ. ಮಾರಿದ ಕಾರಣ ಅಷ್ಟೇ.

ಇತಿ,
ನಕ್ಷೆಗಾರ

*

೧೯ ಮೇ ೧೯೯೬

ನಕ್ಷೆಯವರಿಗೆ,

ರಬ್ಬರು ಬದಲಿಸಿದ್ದೇನೆ. ಏಪ್ರಿಲ್‌ನಲ್ಲಿ ನೀವು ಬರೆದ ಎರಡು ಕಾಗದಗಳಲ್ಲಿದ್ದ ಉಳಿದ ಹದಿನಾರೋ ಹದಿನೇಳೋ ಸಲಹೆಗಳನ್ನೂ ಓದಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ, ನಾನು ಹಲ್ಲು ಕೀಳುವಾಗ ಪಕ್ಕದಲ್ಲಿ ನಿಂತು "ಎಡಕ್ಕೆ, ಇನ್ನೂ ಎಡಕ್ಕೆ" ಎನ್ನುವ ರೋಗಿಯ ಅತ್ತೆಯೊಬ್ಬರು ನೆನಪಾದರು. ವಿಮಾನ ಮಾರಿದಿರೋ ಮಗಳನ್ನು ಮದುವೆ ಮಾಡಿಕೊಟ್ಟಿರೋ?

ಹಾರುವುದರ ಬಗ್ಗೆ ಹೇಳುತ್ತೇನೆ. ರೆಕ್ಕೆ ತಲೆಯ ಮೇಲಿರುವುದರಿಂದ, ಎಂಜಿನ್ನುಗಳು ಪಕ್ಕದಲ್ಲಿಲ್ಲದಿರುವುದರಿಂದ, ಕಿಟಕಿಯಿಂದ ಕೆಳಗೆ ನೋಡಿದರೆ ಅಡ್ಡ ಏನೂ ಇಲ್ಲ. ಇಟ್ಟಿಗೆ ಗೂಡುಗಳ ಹೊಗೆ, ಟಾರು ಹಾಕಿ ಇನ್ನೂ ಗೆರೆ ಎಳೆಯದ ರಸ್ತೆ, ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತ ತಲೆಯೆತ್ತಿದ ಹೆಂಗಸು. ಯಾರೂ ಬಾಯಿ ತೆರೆದು ಕೂತಿರುವುದಿಲ್ಲ. ಹಿಂದಿನಿಂದ ಒಂದು ಕೈ ಬೆನ್ನಿಗೆ ಆತುಕೊಂಡು ತಳ್ಳುತ್ತಿರುವಂತೆ ಅನ್ನಿಸುತ್ತದೆ. ಒಂಟಿ ಎಂಜಿನ್ನಿನಲ್ಲಿ ಹಾರುವಾಗ ಕೆಳಗಿನ ಒಂದೊಂದು ಹೊಲವನ್ನೂ 'ಇಲ್ಲಿ ಇಳಿಯಬಹುದೇ' ಎಂದು ಅಳೆಯುತ್ತಿದ್ದೆ. ಈಗ ಹೊಲ ಬರೀ ಹೊಲ.

ಇತರ ಪೈಲಟ್‌ಗಳು ಆಡಿಕೊಳ್ಳುತ್ತಾರೆ. ಬೇರೆ ಮೈದಾನಗಳಲ್ಲಿ ಇಳಿದರೆ ಅವರೇ ಮೊದಲು ಬಂದು ಸುತ್ತುತ್ತಾರೆ. ಒಬ್ಬರು ಕೇಳಿದರು, "ಇದು ಹೋಗ್ತಾ ಇದೆಯೋ ಬರ್ತಾ ಇದೆಯೋ?" ಅದು ನೋಡುವವರು ಎಲ್ಲಿ ನಿಂತಿದ್ದಾರೆ ಎಂಬುದರ ಮೇಲೆ ಎಂದೆ.

ಒಂದು ತಮಾಷೆ. ನಿಮ್ಮ ಸಾಲುಗಳು ಬಲಕ್ಕೆ ಹೋದಂತೆಲ್ಲ ಕೆಳಗಿಳಿಯುತ್ತವೆ. ಕೊನೆಯ ಕಾಗದದಲ್ಲಿ ಒಂದರ ಮೇಲೊಂದು ಹತ್ತಿದ್ದವು. ಬಸ್ಸಿನಲ್ಲಿ ಕೂತು ಬರೆದಿರಾ? ನೇರ ಗೆರೆಯ ಮನುಷ್ಯರಲ್ಲವೇ ನೀವು?

ಇತಿ,
ಡಾಕ್ಟರು

*

೧೧ ಜೂನ್ ೧೯೯೬

ಡಾಕ್ಟರಿಗೆ,

ಮಗಳ ಕಚೇರಿಯ ಹಳೆಯ ಟೈಪ್‌ರೈಟರ್ ಮನೆಗೆ ತರಿಸಿಕೊಂಡಿದ್ದೇನೆ. ಇನ್ನು ಸಾಲು ಇಳಿಯುವುದಿಲ್ಲ.

ಸಲಹೆ ಹೆಚ್ಚಾಯಿತು ಎಂಬುದು ಸರಿ. ವಿಮಾನ ನಿಮ್ಮದು. ಇನ್ನು ಮುಂದೆ ಕೇಳದೆ ಏನನ್ನೂ ಹೇಳುವುದಿಲ್ಲ. ಬಿಸಿಲು ಹೆಚ್ಚಿರುವ ದಿನ ತುಂಬಿದ ಟ್ಯಾಂಕಿನೊಂದಿಗೆ ಹೊರಡದಿರುವುದು ಒಳ್ಳೆಯದು. ಇದು ಸಲಹೆಯಲ್ಲ, ಮಾಹಿತಿ.

ಇತಿ,
ನಕ್ಷೆಗಾರ

*

೨೬ ಆಗಸ್ಟ್ ೧೯೯೬

ಡಾಕ್ಟರಿಗೆ,

ಮೂರು ತಿಂಗಳಿಂದ ನಿಮ್ಮ ಕಾಗದವಿಲ್ಲ. ನನ್ನ ಕಳೆದ ಕಾಗದ ಒರಟಾಗಿತ್ತು ಎಂದು ಮಗಳು ಹೇಳುತ್ತಾಳೆ. ಟೈಪ್ ಮಾಡಿದ್ದೆಲ್ಲ ನೋಟಿಸಿನ ಹಾಗೆ ಕಾಣುತ್ತದೆ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆ ಅತ್ತೆಯವರ ಹೋಲಿಕೆಗೆ ನಾನು ನಕ್ಕಿದ್ದೆ. ಅದನ್ನು ಬರೆಯುವುದು ಬಿಟ್ಟುಹೋಯಿತು.

ಎಲ್ಲಿಯವರೆಗೆ ಹೋಗಿಬಂದಿರಿ? ನದಿ ಕೂಡುವ ಜಾಗವನ್ನು ಬೆಳಗಿನ ಬಿಸಿಲಿನಲ್ಲಿ ಮೇಲಿನಿಂದ ನೋಡಿದಿರಾ? ಒಂದು ನೀರು ಕಂದು, ಒಂದು ಹಸಿರು, ಬಹುದೂರ ಬೆರೆಯದೆ ಪಕ್ಕಪಕ್ಕ ಹೋಗುತ್ತವೆ. ನಕ್ಷೆಯಲ್ಲಿ ಅದನ್ನು ತೋರಿಸಲು ನಮಗೆ ಯಾವ ಗುರುತೂ ಇರಲಿಲ್ಲ.

ಇತಿ,
ನಕ್ಷೆಗಾರ

*

೧೫ ಅಕ್ಟೋಬರ್ ೧೯೯೬

ಡಾಕ್ಟರಿಗೆ,

ಮಾರಿದ್ದರೆ ಸಂಕೋಚವಿಲ್ಲದೆ ತಿಳಿಸಿ. ಅದನ್ನು ಇಟ್ಟುಕೊಳ್ಳುವುದು ಸುಲಭವಲ್ಲ. ನಾನೇನೂ ಅಂದುಕೊಳ್ಳುವುದಿಲ್ಲ.

ನಕ್ಷೆಗಾರ

*

೯ ನವೆಂಬರ್ ೧೯೯೬

ನಕ್ಷೆಯವರಿಗೆ,

ಮಾರಿಲ್ಲ. ನಿಮ್ಮ ಮೇಲೆ ಮುನಿಸೂ ಇಲ್ಲ. ಜುಲೈ ತಿಂಗಳಲ್ಲಿ ಒಂದು ಘಟನೆ ನಡೆಯಿತು. ಅದನ್ನು ಯಾರಿಗೂ ಹೇಳದೆ, ನಿಮಗೆ ಬೇರೆ ಏನನ್ನೋ ಬರೆದು ಕಳಿಸುವುದು ನನ್ನಿಂದಾಗಲಿಲ್ಲ.

ನಮ್ಮವರು ಕೊನೆಗೂ ಒಪ್ಪಿದ್ದರು. ನಾನು ಒತ್ತಾಯಿಸಿದ್ದೂ ನಿಜ. ಮಧ್ಯಾಹ್ನ, ಬಿಸಿಲು ಚೆನ್ನಾಗಿಯೇ ಇತ್ತು. ರನ್‌ವೇ ತುದಿಯಲ್ಲಿ ಸರದಿ ಕಾಯಬೇಕಾಯಿತು. ಸರದಿ ಬಂದಾಗ ಹಿಂದಿನ ಹಿಡಿಕೆಯನ್ನೇ ಮೊದಲು ಒತ್ತಿದೆ, ಮುಳ್ಳು ಏರಿತು, ಆಮೇಲೆ ಮುಂದಿನದು. ಎಲ್ಲವೂ ನೀವು ಹೇಳಿದ ಹಾಗೇ. ರನ್‌ವೇಯ ಅರ್ಧ ದಾರಿಯಲ್ಲಿ ಹಿಂದಿನದು ನಿಂತುಹೋಗಿದೆ. ನನಗೆ ಗೊತ್ತಾಗಲಿಲ್ಲ. ಮೂಗು ಒಂದಿಷ್ಟೂ ಅತ್ತಿತ್ತ ಆಗಲಿಲ್ಲ. ಇವತ್ತು ಯಾಕೋ ಭಾರ, ಬಿಸಿಲಲ್ಲವೇ, ಜೊತೆಗೆ ಇವರೂ ಇದ್ದಾರಲ್ಲ ಎಂದುಕೊಂಡೆ. ನೆಲ ಬಿಟ್ಟಿತು. ಚಕ್ರ ಮಡಚಲು ಕೈ ಹೋಗಿತ್ತು. ನಿಮ್ಮ ಎರಡನೆಯ ಮಾತು ನೆನಪಾಗಿ ಕೈ ಹಿಂದೆ ತೆಗೆದೆ. ಎದುರಿಗೆ ಇಟ್ಟಿಗೆ ಗೂಡಿನ ಚಿಮಣಿ ಬರುತ್ತಿತ್ತು. ನಾವು ಏರಿದಂತೆ ಅದು ಕಣ್ಣಿಗೆ ಕೆಳಗಿಳಿಯಬೇಕಿತ್ತು, ಇಳಿಯುತ್ತಿರಲಿಲ್ಲ. ಆಗ ಮುಳ್ಳುಗಳ ಕಡೆ ನೋಡಿದೆ. ಹಿಂದಿನದು ಮಲಗಿತ್ತು.

ಸತ್ತ ಎಂಜಿನ್ನಿನ ಪ್ರೊಪೆಲರನ್ನು ಗಾಳಿಗೆ ಅಡ್ಡ ಬಾರದಂತೆ ಓರೆ ಮಾಡಿದೆ. ಚಿಮಣಿಯ ಪಕ್ಕದಿಂದ ಹೋದೆವು, ಮೇಲಿನಿಂದಲ್ಲ. ಅಗಲವಾದೊಂದು ಸುತ್ತು ಹಾಕಿ ಇಳಿಸಿದೆ. ಇಳಿದ ಮೇಲೆ ನಮ್ಮವರು ಬೆಲ್ಟು ಬಿಚ್ಚುತ್ತ, "ನಾನು ಏನೇನೋ ಅಂದ್ಕೊಂಡಿದ್ದೆ ಕಣೇ. ಇಷ್ಟು ಆರಾಮಾಗಿರತ್ತೆ ಅಂತ ಗೊತ್ತಿರಲಿಲ್ಲ. ಆ ಚಿಮಣಿ ಎಷ್ಟು ಹತ್ತಿರದಿಂದ ತೋರಿಸ್ದೆ" ಎಂದರು.

ನಾನು ಹೂಂ ಎಂದೆ. ಅಂದಿನಿಂದ ಹಾರಿಲ್ಲ. ಇಂಧನದ ಪಂಪಿನ ತೊಂದರೆ ಎಂದು ಮೆಕ್ಯಾನಿಕ್ ಹೇಳಿದ. ಹೊಸದಕ್ಕೆ ಇಡೀ ದೇಶ ಹುಡುಕಬೇಕಂತೆ. ನಮ್ಮವರು ಪ್ರತಿ ಭಾನುವಾರ, "ಇವತ್ತು ಹೋಗೋಣವೇನೇ?" ಎಂದು ಕೇಳುತ್ತಾರೆ. ಸೊಂಟ ನೋವು, ಮೋಡ, ರೋಗಿಗಳು ಎಂದು ಏನೇನೋ ಹೇಳಿ ದಾಟಿಸುತ್ತಿದ್ದೇನೆ. ಎಂಜಿನ್ ನಿಂತಿದ್ದಕ್ಕಿಂತ, ಅದು ನಿಂತದ್ದು ನನಗೆ ತಿಳಿಯದೇ ಹೋದದ್ದು ಹೆದರಿಕೆ ಹುಟ್ಟಿಸಿದೆ. ಅದು ಒದ್ದಾಡಿದ್ದರೆ, ಪಕ್ಕಕ್ಕೆ ಎಳೆದಿದ್ದರೆ, ನಾನು ಅದರೊಂದಿಗೆ ಜಗಳವಾಡುತ್ತಿದ್ದೆ.

ಬಿಡಿಭಾಗಗಳ ವ್ಯಾಪಾರಿಯೊಬ್ಬ ಬಂದಿದ್ದ. ಕೊಂಡು, ಬಿಚ್ಚಿ, ಒಂದೊಂದಾಗಿ ಮಾರುತ್ತಾನಂತೆ. ಇನ್ನೂ ಹೂಂ ಎಂದಿಲ್ಲ. ನಿಮ್ಮನ್ನು ಕೇಳದೆ ಹೇಳುವುದು ಸರಿಯಲ್ಲ ಎನ್ನಿಸಿತು. ಈಗ ಕೇಳುತ್ತಿದ್ದೇನೆ, ಆದ್ದರಿಂದ ನೀವು ಸಲಹೆ ಕೊಡಬಹುದು.

ಡಾಕ್ಟರು

*

೧ ಡಿಸೆಂಬರ್ ೧೯೯೬

ಡಾಕ್ಟರಿಗೆ,

ಇದು ಮಗಳ ಕೈಬರಹ. ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ. ನಿಮ್ಮ ಕಾಗದವನ್ನೂ ಅವಳೇ ಓದಿದಳು. ಚಿಮಣಿಯ ಜಾಗ ಬಂದಾಗ ಓದುವುದನ್ನು ನಿಲ್ಲಿಸಿ ನೀರು ಕುಡಿದು ಬಂದಳು.

ವಿಮಾನ ನಿಮ್ಮದು. ಬಿಚ್ಚಿ ಮಾರಿದರೂ ಅದರ ಭಾಗಗಳು ಅದರಂತಹ ಬೇರೆ ವಿಮಾನಗಳನ್ನು ಹಾರಿಸುತ್ತವೆ, ಅದು ನಷ್ಟವಲ್ಲ. ನಾನು ಇದನ್ನು ಮನಸಾರೆ ಹೇಳುತ್ತಿದ್ದೇನೆ. ಮಗಳು ನನ್ನ ಮುಖ ನೋಡುತ್ತಿದ್ದಾಳೆ, ನೋಡಿಕೊಳ್ಳಲಿ.

ಆದರೆ ಒಂದು ವಿಷಯ. ನಿಮಗೆ ತಿಳಿಯದೇ ಹೋಯಿತು ಎಂದಿರಿ. ತಿಳಿಯಿತು. ನೀವು ಮುಳ್ಳು ನೋಡಿದಿರಿ, ಅದು ಮಲಗಿದ್ದು ನಿಮಗೆ ಕಂಡಿತು. ಮಾರುವ ಹಿಂದಿನ ವರ್ಷದಿಂದ ನನಗೆ ಆ ಮುಳ್ಳುಗಳು ಕಾಣುತ್ತಿರಲಿಲ್ಲ. ಕಣ್ಣಿನ ನಡುಭಾಗ ಮಸುಕಾಗುತ್ತ ಬಂದಿದೆ. ಎಲ್ಲಿ ನೋಡುತ್ತೇನೋ ಅಲ್ಲೇ ಇಲ್ಲ, ಸುತ್ತಲಿನದು ಮಾತ್ರ ಇದೆ. ದೂರದ ಬೆಟ್ಟ, ರನ್‌ವೇಯ ಅಂಚು ಕಾಣುತ್ತಿತ್ತು, ಅಷ್ಟರ ಮೇಲೆ ಕೆಲವು ತಿಂಗಳು ಹಾರಿದೆ. ಆ ದಿನ ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಬಿಸಿಲು ಹೆಚ್ಚೆಂದು ಕೊನೆಯವರೆಗೂ ನಂಬಿರುತ್ತಿದ್ದೆ. ರನ್‌ವೇ ದೂರ ಎಂದು ನಿಮಗೆ ಬರೆದದ್ದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

(ಬರೆಯುತ್ತಿರುವವಳ ಮಾತು: ಇದು ನನಗೂ ಈಗಲೇ ತಿಳಿದದ್ದು. ಕಣ್ಣು ಈ ವರ್ಷ ಮಂದವಾಯಿತು ಎಂದುಕೊಂಡಿದ್ದೆ. ಅಮ್ಮ ಹೋದ ದುಃಖಕ್ಕೆ ವಿಮಾನ ಮಾರಿದರು ಎಂದುಕೊಂಡಿದ್ದೆ. ಎಲ್ಲರಿಗೂ ಹಾಗೆಂದೇ ಹೇಳಿದ್ದೆ. ಯಾಕೆ ಹೇಳಲಿಲ್ಲ ಎಂದು ಕೇಳಿದರೆ, "ನೀನು ಕೇಳಲಿಲ್ಲ. ಬರಿ, ನಿಲ್ಲಿಸಬೇಡ" ಎನ್ನುತ್ತಿದ್ದಾರೆ.)

ವಿಮಾನದ ವಿಷಯ ಆಮೇಲೆ ತೀರ್ಮಾನಿಸಿ. ಮೊದಲು ನಿಮ್ಮ ಯಜಮಾನರಿಗೆ ಹೇಳಿ. ಪಂಪಿಗಾಗಿ ಈ ಕಾಗದದ ಕೆಳಗೆ ಒಂದು ವಿಳಾಸವಿದೆ. ಆತ ಜಗಳಗಂಟ, ಆದರೆ ಅವನ ಗೋದಾಮಿನಲ್ಲಿ ಎಲ್ಲವೂ ಇರುತ್ತದೆ.

ನಕ್ಷೆಗಾರ

*

೧೮ ಜನವರಿ ೧೯೯೭

ನಕ್ಷೆಯವರಿಗೆ,

ಬಸ್ಸಿನಲ್ಲಿ ಕೂತು ಬರೆದಿರಾ ಎಂದು ಕೇಳಿದವಳು ನಾನು. ದಿನವೂ ಬಾಯಿಯೊಳಗೆ ಇಣುಕಿ ಯಾರೂ ಹೇಳದ ರೋಗಗಳನ್ನು ಹುಡುಕುವವಳಿಗೆ ಅಷ್ಟು ತೋಚಲಿಲ್ಲ. ಅದನ್ನು ಬಿಡಿ.

ನಮ್ಮವರಿಗೆ ಹೇಳಿದೆ. ಊಟ ಮುಗಿದು ತಟ್ಟೆ ತೊಳೆಯುತ್ತಿದ್ದರು. ನಲ್ಲಿ ನಿಲ್ಲಿಸಿ ಪೂರ್ತಿ ಕೇಳಿದರು. "ಎಷ್ಟು ಹತ್ತಿರ ಇತ್ತು ಆ ಚಿಮಣಿ, ನಿಜವಾಗಿ?" ಎಂದರು. ನೀವು ನೋಡಿದಷ್ಟೇ ಹತ್ತಿರ ಎಂದೆ. ಮತ್ತೆ ನಲ್ಲಿ ತಿರುಗಿಸಿ ಉಳಿದ ತಟ್ಟೆಗಳನ್ನು ತೊಳೆದರು. ಎರಡು ದಿನ ಬೇಕಾದಷ್ಟೇ ಮಾತು. ನನಗೆ ವಿಮಾನವೂ ಬೇಡ, ಏನೂ ಬೇಡ ಎನ್ನಿಸಿಬಿಟ್ಟಿತ್ತು.

ಮೂರನೆಯ ದಿನ ಕೆಲಸದಿಂದ ಬಂದು ಶೂ ಬಿಚ್ಚುತ್ತ ಹೇಳಿದರು: "ಲಿಫ್ಟಲ್ಲಿ ಹಗ್ಗ ಸವೆದಿದ್ರೆ ನಾನು ಒಳಗಿರೋ ಜನಕ್ಕೆ ಹೇಳಲ್ಲ. ಅವರನ್ನ ಇಳಿಸ್ತೀನಿ, ಆಮೇಲೆ ಬೋರ್ಡು ಹಾಕ್ತೀನಿ. ನೀನು ಇಳಿಸಿದೆ. ಬೋರ್ಡು ಹಾಕೋದಕ್ಕೆ ಐದು ತಿಂಗಳು ಯಾಕೆ ಬೇಕಿತ್ತು? ಪ್ರತಿ ಭಾನುವಾರ ನಾನು ಕೇಳ್ದಾಗ್ಲೆಲ್ಲ ನೀನು ಒಬ್ಳೇ ಹೆದರ್ಕೊಂಡಿದ್ದೆ. ನಂಗೆ ಅದು ಸಿಟ್ಟು."

ಮರುದಿನವೇ ನೀವು ಕೊಟ್ಟ ವಿಳಾಸಕ್ಕೆ ಪಂಪಿಗಾಗಿ ಬರೆದೆ.

ಪಂಪು ಬಂತು. ನಿಮ್ಮ ಜಗಳಗಂಟ ನಿಜಕ್ಕೂ ಜಗಳಗಂಟ, ಆದರೆ ನಿಮ್ಮ ಸುದ್ದಿ ಎತ್ತಿದ ಮೇಲೆ ಎರಡು ಪಂಪು ಕಳಿಸಿದ. ಬಿಡಿಭಾಗದ ವ್ಯಾಪಾರಿಯನ್ನು ವಾಪಸು ಕಳಿಸಿದೆ. ಮೊದಲು ಒಬ್ಬಳೇ ಹಾರಿದೆ. ಮೇಲೆ ಹೋದ ಮೇಲೆ ಬೇಕೆಂದೇ ಹಿಂದಿನ ಎಂಜಿನ್ ನಿಲ್ಲಿಸಿ ಕೂತೆ. ಏನಾಗುತ್ತದೆ, ಏನಾಗುವುದಿಲ್ಲ ಎಂದು ಮೈಯಿಂದಲೇ ಕಲಿಯಬೇಕಿತ್ತು. ಬೆನ್ನಿನ ನಡುಕ ಕಡಿಮೆಯಾಗುತ್ತದೆ, ಸೀಟಿನ ಕೆಳಗೆ ಒಂದು ಜಾಗ ತಣ್ಣಗಾದ ಹಾಗೆ. ಅಷ್ಟೇ. ಆದರೆ ಅಷ್ಟು ಇದೆ. ಮತ್ತೆ ಮತ್ತೆ ಮಾಡಿದೆ. ಈಗ ಅವರೂ ಬರುತ್ತಾರೆ. ಇಬ್ಬರ ನಡುವೆ ಮಾತಾಗಿದೆ, ಹೊರಡುವಾಗ ಹಿಂದಿನ ಮುಳ್ಳನ್ನು ನೋಡುವುದೊಂದೇ ಅವರ ಕೆಲಸ. "ಇದೆ, ಇದೆ, ಇದೆ" ಎಂದು ಜಪ ಮಾಡಿದ ಹಾಗೆ ಹೇಳುತ್ತಿರುತ್ತಾರೆ. ಹೊರಗೆ ನೋಡಿ ಎಂದರೂ ನೋಡುವುದಿಲ್ಲ.

ಫೆಬ್ರವರಿ ಎರಡನೆಯ ಶನಿವಾರ ನಿಮ್ಮ ಕಡೆಯ ರನ್‌ವೇಗೆ ಬರುತ್ತೇವೆ. ಮಗಳನ್ನೂ ಕರೆದುಕೊಂಡು ಬನ್ನಿ. ಬಲಗಡೆಯ ಸೀಟು ನಿಮಗೆ.

ಡಾಕ್ಟರು

*

೨೩ ಫೆಬ್ರವರಿ ೧೯೯೭

ಡಾಕ್ಟರಿಗೆ,

ದಪ್ಪ ಪೆನ್ನಿನಲ್ಲಿ ನಾನೇ ಬರೆಯುತ್ತಿದ್ದೇನೆ. ಸಾಲಿಗೆ ಮೂರೋ ನಾಲ್ಕೋ ಪದ. ಲಕೋಟೆ ಉಬ್ಬಿದ್ದಕ್ಕೆ ಹೆದರಬೇಡಿ, ಸಲಹೆಗಳಿಲ್ಲ.

ಅಷ್ಟು ದೂರದಿಂದ ಬಂದು, ಬಾಗಿಲು ತೆರೆದು ಹಿಡಿದಿದ್ದಿರಿ. ನಾನು ಹತ್ತದೆ ಮಂಡಿ ನೋವು ಎಂದೆ. ನೀವು ಡಾಕ್ಟರು, ನಂಬಲಿಲ್ಲ, ಆದರೂ ಸುಮ್ಮನಿದ್ದಿರಿ. ಮಂಡಿ ಚೆನ್ನಾಗಿದೆ. ನನ್ನ ಕೈ ಹಿಡಿಕೆಗಳ ಕಡೆ ಹೋಗುತ್ತಿತ್ತು, ಅಷ್ಟೇ. ಕಾಣದವನ ಕೈ ಅಲ್ಲಿ ಇರಬಾರದು. ಮತ್ತೆ, ಮಗಳು ಹುಟ್ಟಿದಾಗಿನಿಂದ ಆ ವಿಮಾನವನ್ನು ದ್ವೇಷಿಸುತ್ತ ಬಂದವಳು. ಅವಳ ಶಾಲೆಯ ನಾಟಕ, ಅವಳ ಜ್ವರ, ಎಲ್ಲದಕ್ಕೂ ನಾನು ಮೇಲಿದ್ದೆ. ಆ ದಿನ ಕೂಡ, "ನೀವು ಹೋಗ್ಬನ್ನಿ, ನಾನು ಕಾರಲ್ಲಿ ಇರ್ತೀನಿ" ಎಂದಿದ್ದಳು. ನಾನು ಹತ್ತುವುದಿಲ್ಲ ಎಂದ ಮೇಲೆ ಯಾಕೋ ಅವಳೇ ಕೈಚೀಲ ನನ್ನ ಕೈಗೆ ಕೊಟ್ಟು ಹತ್ತಿಬಿಟ್ಟಳು. ಮೇಲೆ ಅವಳು ಏನು ಮಾತಾಡಿದಳೆಂದು ನಿಮಗೆ ಗೊತ್ತು. ನನಗೆ ಹೇಳಿಲ್ಲ. ನಾನು ಕೇಳಿಯೂ ಇಲ್ಲ. ಆದರೆ ಮಂಗಳವಾರ ಗ್ರಂಥಾಲಯದಿಂದ ಹವಾಮಾನದ ಪುಸ್ತಕ ತಂದಿದ್ದಾಳೆ. ರಾತ್ರಿ ನನಗೆ ಪತ್ರಿಕೆ ಓದುವ ಬದಲು ಮೋಡಗಳ ಬಗ್ಗೆ ಓದುತ್ತಿದ್ದಾಳೆ.

ನಾನು ಹೇಳಬೇಕಾದದ್ದು ಕೆಳಗೆ ನಡೆದದ್ದು.

ಇಷ್ಟು ವರ್ಷಗಳಲ್ಲಿ ಒಮ್ಮೆಯೂ ನಾನು ಅದರ ಸದ್ದನ್ನು ಹೊರಗಿನಿಂದ ಕೇಳಿರಲಿಲ್ಲ. ಅದು ಹಾರಿದಾಗಲೆಲ್ಲ ನಾನು ಒಳಗಿದ್ದೆ, ಕಿವಿಗೆ ಮುಚ್ಚಿಗೆ ಹಾಕಿಕೊಂಡು. ನೀವು ಬಂದಿಳಿದಾಗ ನಾವಿನ್ನೂ ದಾರಿಯಲ್ಲಿದ್ದೆವು, ನೀವು ಹೊರಟಾಗಲೇ ಕೇಳಿದ್ದು. ಅದು ಸದ್ದಲ್ಲ, ಊಳು. ಎರಡು ಊಳು, ಒಂದು ಇನ್ನೊಂದನ್ನು ಅಟ್ಟಿಸಿಕೊಂಡು ಹೋದ ಹಾಗೆ. ನೆರೆಹೊರೆಯವರು ದೂರು ಕೊಟ್ಟಾಗಲೆಲ್ಲ ಅವರಿಗೆ ಬೇರೆ ಕೆಲಸವಿಲ್ಲ ಎನ್ನುತ್ತಿದ್ದೆ. ಅವರಿಗೆಲ್ಲ ಒಂದೊಂದು ಕಾಗದ ಬರೆಯಬೇಕು.

ನನ್ನ ಪಕ್ಕದಲ್ಲಿ ಬೆಂಕಿ ನಂದಿಸುವ ಗಾಡಿಯ ಡ್ರೈವರು ನಿಂತಿದ್ದ. ನೀವು ಹೋಗಿ ಬಹಳ ಹೊತ್ತಾದ ಮೇಲೆ ನಾನು, "ಬರ್ತಾ ಇದಾರೆ" ಎಂದೆ. "ಎಲ್ಲಿ ಸಾರ್, ಏನೂ ಕಾಣ್ತಿಲ್ವಲ್ಲ" ಎಂದ. ನನಗಂತೂ ಕಾಣುವ ಪ್ರಶ್ನೆಯೇ ಇರಲಿಲ್ಲ. ಆದರೆ ಬೆಟ್ಟದ ಆಚೆಯಿಂದ ಅದರ ಊಳು ಬರುತ್ತಿತ್ತು. ಎರಡೂ ಇದ್ದವು.

ಹಳೆಯ ಊರಿನಲ್ಲಿ ನಾನು ಇಳಿದಾಗಲೆಲ್ಲ ನನ್ನ ಹೆಂಡತಿ ಮೈದಾನದ ಗೇಟಿನ ಹತ್ತಿರ ಕಾರು ತಂದು ನಿಲ್ಲಿಸಿಕೊಂಡಿರುತ್ತಿದ್ದಳು. ನಾನು ಬೇಗ ಬಂದರೂ ಸರಿ, ತಡವಾಗಿ ಬಂದರೂ ಸರಿ. ಹೇಗೆ ಗೊತ್ತಾಯಿತು ಎಂದರೆ, "ಕೇಳಿಸ್ತು" ಎನ್ನುತ್ತಿದ್ದಳು. ಮನೆ ಅಷ್ಟು ದೂರ, ಹೇಗೆ ಕೇಳಿಸುತ್ತದೆ, ಕಚೇರಿಯವರು ಫೋನ್ ಮಾಡುತ್ತಾರೆ, ಇವಳು ತಮಾಷೆ ಮಾಡುತ್ತಾಳೆ ಎಂದುಕೊಂಡಿದ್ದೆ. ಕೇಳಿಸುವವರೆಗೆ ಅವಳು ಏನು ಮಾಡುತ್ತಿದ್ದಳು ಎಂದು ನನಗೆ ತೋಚಿದ್ದೇ ಇಲ್ಲ. ಈಗ ಆ ಡ್ರೈವರನ ಪಕ್ಕ, ಮಗಳ ಕೈಚೀಲ ಹಿಡಿದುಕೊಂಡು ನಿಂತಾಗ, ಒಲೆ ಆರಿಸಿ, ಚಪ್ಪಲಿ ಮೆಟ್ಟಿ, ಬೀಗ ಹಾಕಿ ಅವಳು ಹೊರಡುತ್ತಿದ್ದುದೆಲ್ಲ ತಿಳಿಯಿತು.

ಸ್ವಲ್ಪ ಹೊತ್ತಿನ ಮೇಲೆ ಡ್ರೈವರು, "ಹೌದು ಸಾರ್, ಬಂದ್ರು" ಎಂದ. ನಾನು ಆಗಲೇ ಗೇಟಿನ ಕಡೆ ನಡೆಯುತ್ತಿದ್ದೆ.

ನಕ್ಷೆಗಾರ